ಇಪ್ಪತ್ತೆರಡು ಮಕ್ಕಳು ಬೇಕಾಗಿದ್ದಾರೆ

ನಿಧಾನವಾಗಿ ಕಲಿಯುವ ಮಗುವಿಗೆ ಶಾಲೆ ಹುಡುಕುತ್ತಿರುವವರ ಮುಂದೆ ಜನ ದನಿ ತಗ್ಗಿಸಿ ಮಾತಾಡುತ್ತಾರೆ, ಸಾವಿನ ಮನೆಗೆ ಬಂದವರ ಹಾಗೆ. ಈ ಓಡಾಟದಲ್ಲಿ ವಾರಕ್ಕೊಮ್ಮೆಯಾದರೂ ನಗುವಂಥದ್ದು ನಡೆದೇ ನಡೆಯುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದವನು. ತಯಾರಾಗಿ ಬಂದ ಭಾಗಗಳನ್ನು ಅಳೆದು ಸರಿಯೋ ತಪ್ಪೋ ಹೇಳುವ ಕೆಲಸ. ಮಗಳ ವಿಷಯದಲ್ಲಿ ಐದಾರು ವರ್ಷ ಬೇರೆಯವರು ಅಳೆದರು, ನಾನು ಪಕ್ಕದಲ್ಲಿ ನಿಂತಿದ್ದೆ. ನಿಂತಲ್ಲಿ ಕಂಡದ್ದು ಇಷ್ಟು.

ಡ್ರಾಯರಿನ ಸೀಬೆಹಣ್ಣು

ನಾವು ಹೋದ ಮೊದಲ ಶಾಲೆಯ ಹೆಡ್‌ಮಾಸ್ಟರು ಒಳ್ಳೆಯವರು. ಬಾಗಿಲಿನಿಂದಲೇ ವಾಪಸು ಕಳಿಸದೆ ಕೂರಿಸಿದರು. ಆಗ ಮಗಳಿಗೆ ಏಳು ವರ್ಷ. ಅವಳನ್ನೇ ಕೇಳಿದರು:

"ಪುಟ್ಟಿ, ನನ್ನ ಹತ್ರ ಎರಡು ಸೀಬೆಹಣ್ಣಿತ್ತು. ಒಂದು ನಾನು ತಿಂದ್ಬಿಟ್ಟೆ. ಈಗ ಎಷ್ಟಿದೆ?"

ಮಗಳು ಮೇಜಿನ ಮೇಲೆ ನೋಡಿದಳು. ಬಗ್ಗಿ ಮೇಜಿನ ಕೆಳಗೂ ನೋಡಿದಳು. ಹಣ್ಣಿಲ್ಲ.

"ಸುಮ್ನೆ ಇದೆ ಅಂದ್ಕೋಬೇಕಮ್ಮ," ಎಂದರು ಹೆಡ್‌ಮಾಸ್ಟರು.

ಅಂದುಕೊಳ್ಳುವುದು ಅವಳಿಗೆ ಬರುವುದಿಲ್ಲ. ಮೇಜು ಸುತ್ತಿ ಅವರ ಪಕ್ಕಕ್ಕೆ ಹೋಗಿ ಡ್ರಾಯರ್ ಎಳೆದಳು. ರಬ್ಬರ್ ಸ್ಟಾಂಪುಗಳ ಪಕ್ಕದಲ್ಲಿ, ಉಪ್ಪುಖಾರದ ಪೊಟ್ಟಣದ ಸಮೇತ, ಒಂದು ಸೀಬೆಹಣ್ಣು ಇತ್ತು. "ಒಂದು," ಎಂದಳು.

ಹೆಡ್‌ಮಾಸ್ಟರು ಹಣ್ಣು ಎತ್ತಿಕೊಂಡು ಡ್ರಾಯರ್ ಮುಚ್ಚಿದರು. ಆಮೇಲೆ, ತರಗತಿಯಲ್ಲಿ ಈಗಾಗಲೇ ಅರುವತ್ತು ಮಕ್ಕಳಿದ್ದಾರೆ, ಇವಳನ್ನು ನೋಡಿಕೊಳ್ಳಲು ಆಗುವುದಿಲ್ಲ ಎಂದರು. ಹಣ್ಣನ್ನು ಮಾತ್ರ ಅವಳಿಗೇ ಕೊಟ್ಟರು.

ಮೂವರೂ ಬಸ್‌ಸ್ಟಾಪಿಗೆ ನಡೆದೆವು. ಬಸ್ಸು ಬರುವ ಹೊತ್ತಿಗೆ ನನ್ನ ಹೆಂಡತಿ ಹೇಳಿದಳು: "ಲೆಕ್ಕ ಸರಿಯಾಗೇ ಇತ್ತು ಕಣ್ರೀ. ಇನ್ನೊಂದನ್ನ ಅವ್ರು ತಿಂದಿದ್ದೂ ನಿಜ. ಮೀಸೆ ಮೇಲೆ ಬೀಜ ಇತ್ತು."

ಹಸು ಏನು ಕೊಡುತ್ತದೆ

ಇನ್ನೊಂದು ಶಾಲೆಯವರು ಡಾಕ್ಟರ ಸರ್ಟಿಫಿಕೇಟು ತನ್ನಿ ಎಂದರು. ಊರೊಳಗಿನ ಆಸ್ಪತ್ರೆಗೆ ಹೋದೆವು. ಡಾಕ್ಟರು ಚಿತ್ರಗಳನ್ನು ತೋರಿಸಿ ಪ್ರಶ್ನೆ ಕೇಳುತ್ತಾ ಪ್ರತಿ ಉತ್ತರಕ್ಕೂ ಅಂಕ ಹಾಕುತ್ತಿದ್ದರು.

"ಇದೇನು?"

"ಹಸು."

"ಭೇಷ್. ಹಸು ನಮಗೆ ಏನು ಕೊಡುತ್ತೆ?"

"ಒದೆ."

ಡಾಕ್ಟರು ಸೊನ್ನೆ ಬರೆದರು. ನನ್ನ ಹೆಂಡತಿ ಕುರ್ಚಿಯ ತುದಿಗೆ ಬಂದಳು.

"ಸಾರ್, ಅದ್ಯಾಕೆ ಸೊನ್ನೆ? ಹಾಲು ನಮಗೆ ಬೂತಿನೋರು ಕೊಡ್ತಾರೆ. ಎದುರುಮನೆ ಹಸು ಇವತ್ತಿನವರೆಗೂ ಕೊಟ್ಟಿರೋದು ಒದೇನೇ. ಬೇಕಿದ್ರೆ ಇವರನ್ನ ಕೇಳಿ."

ಡಾಕ್ಟರು ನನ್ನ ಕಡೆ ನೋಡಿದರು. ನಾನು ಪ್ಯಾಂಟನ್ನು ಮಂಡಿಯವರೆಗೆ ಎತ್ತಿ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಪರೀಕ್ಷಿಸಿದರು. ಸೊನ್ನೆಯನ್ನು ಹೊಡೆದು ಒಂದು ಅಂಕ ಬರೆದರು.

ಕೊನೆಗೆ ಸರ್ಟಿಫಿಕೇಟಿನಲ್ಲಿ, 'ಕಲಿಯಬಲ್ಲಳು, ನಿಧಾನವಾಗಿ' ಎಂದು ಬರೆದುಕೊಟ್ಟರು. ನಮ್ಮ ಮಗಳ ಬಗ್ಗೆ 'ಬಲ್ಲಳು' ಎಂದು ಕಾಗದದ ಮೇಲೆ ಬರೆದ ಮೊದಲ ಮನುಷ್ಯ ಅವರು. ನಾನು ಕೈಮುಗಿದೆ. ಅವರು ಬಾಗಿಲವರೆಗೂ ಬಂದು ನನ್ನ ಹೆಂಡತಿಗೆ ಹೇಳಿದರು: "ಆ ಒಂದು ಅಂಕ ನಿಮ್ಮ ಯಜಮಾನರ ಕಾಲಿಗೆ ಕೊಟ್ಟಿದ್ದು, ಗೊತ್ತಿರಲಿ."

ಹಿಂದಿನ ಬೆಂಚು

ಸರ್ಟಿಫಿಕೇಟು ನೋಡಿದ ಮೇಲೂ ಆ ಶಾಲೆಯವರು ಸೇರಿಸಿಕೊಳ್ಳಲಿಲ್ಲ. ಸೇರಿಸಿಕೊಂಡದ್ದು ನಮ್ಮ ಬಡಾವಣೆಯ ಹಿಂದಿದ್ದ ಹಳ್ಳಿಯ ಸರ್ಕಾರಿ ಶಾಲೆಯ ಟೀಚರಮ್ಮ. ಅವರು ಸರ್ಟಿಫಿಕೇಟು ಕೇಳಲೇ ಇಲ್ಲ. "ನಾಳೆಯಿಂದ ಬರ್ಲಿ. ಆದ್ರೆ ಅವರಮ್ಮನೂ ಪಕ್ಕದಲ್ಲಿ ಕೂತ್ಕೋಬೇಕು. ನನಗಿರೋದು ಎರಡೇ ಕಣ್ಣು," ಎಂದರು.

ನನ್ನ ಹೆಂಡತಿ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಎರಡು ವರ್ಷ ಹಿಂದಿನ ಬೆಂಚಿನಲ್ಲಿ ಮಗಳ ಪಕ್ಕ ಕೂತಳು. ಮಗಳು ಅಕ್ಷರಗಳನ್ನು ಒಂದೊಂದಾಗಿ ಕಲಿತಳು. ಅವಳಮ್ಮ ಎಲ್ಲವನ್ನೂ ಕಲಿತಳು. ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಾ ಮಗ್ಗಿ ಹೇಳುತ್ತಿದ್ದಳು. ಟೀಚರಮ್ಮ ಹಾಜರಿ ಕೂಗುವಾಗ ಕೊನೆಯಲ್ಲಿ, "ಅಮ್ಮ?" ಎಂದರೆ, ಮಕ್ಕಳೆಲ್ಲ ಸೇರಿ, "ಬಂದಿದಾರೆ ಮಿಸ್!" ಎನ್ನುತ್ತಿದ್ದರಂತೆ.

ಒಂದು ದಿನ ಶಾಲಾ ಇನ್‌ಸ್ಪೆಕ್ಟರು ಬಂದರು. ವಯಸ್ಸಾದವರು, ದೃಷ್ಟಿ ಮಂದ. "ಏಳೆಂಟ್ಲಿ ಎಷ್ಟು?" ಎಂದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಹಿಂದಿನ ಬೆಂಚಿನಲ್ಲಿ ಬಳೆಗಳ ಸದ್ದಾಗಿ ಒಂದು ಕೈ ಮೇಲೆದ್ದಿತು.

"ಹೇಳಮ್ಮ," ಎಂದರು ಇನ್‌ಸ್ಪೆಕ್ಟರು.

ನನ್ನ ಹೆಂಡತಿ ಎದ್ದು ನಿಂತು ಕೈ ಕಟ್ಟಿಕೊಂಡು, "ಐವತ್ತಾರು ಸಾರ್," ಎಂದಳು.

ಅವರು ಹೋದ ಮೇಲೆ ಟೀಚರಮ್ಮ ಹೆದರುತ್ತಲೇ ತಪಾಸಣೆ ಪುಸ್ತಕ ತೆರೆದು ನೋಡಿದರು. 'ಹಿಂದಿನ ಬೆಂಚಿನ ವಿದ್ಯಾರ್ಥಿನಿ ಬಹಳ ಚುರುಕು. ಬೆಳವಣಿಗೆ ವಯಸ್ಸಿಗೆ ಮೀರಿದ್ದು' ಎಂದಿತ್ತು.

ಚೌಕಾಶಿ

ಟೀಚರಮ್ಮನಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರು ಅಮ್ಮನೂ ಬೇಡ, ಮಗಳೂ ಬೇಡ ಎಂದರು. ಮಗಳು ಬೆಳಿಗ್ಗೆ ಎದ್ದು, ಚೀಲ ಹಾಕಿಕೊಂಡು, ಮನೆಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಹನ್ನೊಂದು ಗಂಟೆಯವರೆಗೆ ಚೀಲ ತೆಗೆಯುತ್ತಿರಲಿಲ್ಲ. ಅದನ್ನು ನೋಡಿ ಕೆಲಸಕ್ಕೆ ಹೋಗುವುದು ಕಷ್ಟವಾಗಿತ್ತು.

ಒಂದು ಸಂಜೆ ಕಾರ್ಖಾನೆ ಬಸ್ಸಿನಲ್ಲಿ ನಮ್ಮ ಯೂನಿಯನ್ ಕಾರ್ಯದರ್ಶಿ ಪಕ್ಕಕ್ಕೆ ಬಂದು ಕೂತರು. ಗೇಟ್ ಮೀಟಿಂಗಿನಲ್ಲಿ ಮೈಕಿಲ್ಲದೆ ಮಾತಾಡುವ ಮನುಷ್ಯ. ಆವತ್ತು ಪಿಸುದನಿಯಲ್ಲಿ ಮಾತಾಡಿದರು. "ಗುರು, ನಿಂದು ಹೆಣ್ಣುಮಗು ಅಲ್ವಾ? ನಂದು ಗಂಡು. ಹನ್ನೊಂದು ವರ್ಷ," ಎಂದರು. ಹತ್ತು ವರ್ಷ ಒಂದೇ ಬಸ್ಸಿನಲ್ಲಿ ಓಡಾಡಿದ್ದೆವು. ಅವರಿಗೂ ಇಂಥ ಮಗ ಇದ್ದದ್ದು ನನಗೆ ಗೊತ್ತಿರಲಿಲ್ಲ.

ಬಾಯಿಂದ ಬಾಯಿಗೆ ವಿಚಾರಿಸಿದಾಗ ಪೀಣ್ಯದ ಶೆಡ್ಡುಗಳಲ್ಲಿ ನಮ್ಮಿಬ್ಬರನ್ನೂ ಸೇರಿಸಿ ನಮ್ಮಂಥವರು ಹನ್ನೊಂದು ಮಂದಿ ಸಿಕ್ಕಿದರು. ಸರ್ಕಾರಿ ಶಾಲೆಯಲ್ಲಿ ಈ ಹನ್ನೊಂದು ಮಕ್ಕಳಿಗೆ ಒಂದು ಕೋಣೆ, ಒಬ್ಬ ಟೀಚರ್ ಕೊಡಿ ಎಂದು ಶಿಕ್ಷಣಾಧಿಕಾರಿಗೆ ಅರ್ಜಿ ಕೊಡುವುದೆಂದಾಯಿತು. ಅರ್ಜಿ ಬರೆಯುವ ಭಾರವನ್ನು ಕಾರ್ಯದರ್ಶಿ ಹೊತ್ತರು.

ಯೂನಿಯನ್ನಿನ ಕ್ರಮ ಹೀಗೆ: ಬೇಕಾದದ್ದರ ಎರಡರಷ್ಟು ಕೇಳುವುದು, ಆಡಳಿತದವರು ಕಾಲುಭಾಗ ಎನ್ನುವುದು, ನಾಲ್ಕು ಸುತ್ತು ಕಾಫಿಯಾದ ಮೇಲೆ ಅರ್ಧಕ್ಕೆ ಬಂದು ಎರಡೂ ಕಡೆಯವರು ಗೆದ್ದೆವೆನ್ನುವುದು. ಕಾರ್ಯದರ್ಶಿಗೆ ಬೇರೆ ಥರ ಬರೆಯಲು ಬರುತ್ತಿರಲಿಲ್ಲ. ಎರಡು ಕೋಣೆ, ಇಬ್ಬರು ಟೀಚರು, ಇಪ್ಪತ್ತೆರಡು ಮಕ್ಕಳು ಎಂದು ಬರೆದರು.

ಅಧಿಕಾರಿ ಅರ್ಜಿಯನ್ನು ಎರಡು ಸಲ ಓದಿದರು. ಕಾರ್ಯದರ್ಶಿ ಮೊದಲ ಸುತ್ತಿಗೆ ಗಂಟಲು ಸರಿಮಾಡಿಕೊಂಡರು. ಅಧಿಕಾರಿ, "ಇದು ಯಾವತ್ತೋ ಆಗಬೇಕಿತ್ತು," ಎಂದು ಹೇಳಿ ಅಲ್ಲೇ ಸಹಿ ಹಾಕಿಬಿಟ್ಟರು. "ತಿಂಗಳ ಕೊನೆಗೆ ಬಂದು ತಲೆ ಎಣಿಸ್ತೀನಿ. ಇಪ್ಪತ್ತೆರಡಕ್ಕೆ ಒಂದು ಕಡಿಮೆ ಇದ್ರೂ ಆದೇಶ ರದ್ದು ಮಾಡಬೇಕಾಗುತ್ತೆ. ನನ್ನ ಮೇಲಿನೋರು ಬಿಡಲ್ಲ."

ಹೊರಗೆ ಬಂದು ಕಾರ್ಯದರ್ಶಿ ಮೆಟ್ಟಿಲ ಮೇಲೆ ಕುಸಿದು ಕೂತರು. "ಎಂಥಾ ಮನುಷ್ಯ ಗುರು ಇವ್ನು! ಒಂದು ಸುತ್ತೂ ಚೌಕಾಶಿ ಮಾಡ್ಲಿಲ್ಲ. ಹದಿನೆಂಟು ವರ್ಷದಲ್ಲಿ ನನಗೆ ಯಾರೂ ಹಿಂಗೆ ಮೋಸ ಮಾಡಿರಲಿಲ್ಲ!"

ಗುಂಡಿ

ಇನ್ನು ಹನ್ನೊಂದು ಮಕ್ಕಳು ಬೇಕು, ಉಳಿದಿರುವುದು ನಾಲ್ಕು ಭಾನುವಾರ. ನಾನೂ ಕಾರ್ಯದರ್ಶಿಯೂ ಸೈಕಲ್ಲಿನಲ್ಲಿ ಸುತ್ತಲಿನ ಹಳ್ಳಿಗಳಿಗೆ ಹೊರಟೆವು. ಮೊದಲ ಭಾನುವಾರ ಒಂದು ಮಗುವೂ ಸಿಗಲಿಲ್ಲ. "ಅಂಥಾ ಮಕ್ಳು ನಮ್ಮೂರಾಗೆ ಇಲ್ಲ ಸ್ವಾಮಿ," ಎಂದು ಹೇಳುತ್ತಿದ್ದ ಮನೆಯ ಒಳಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುವುದು ಕಾಣುತ್ತಿತ್ತು.

ಎರಡನೇ ಭಾನುವಾರ ಕಾರ್ಯದರ್ಶಿ ತಮ್ಮ ಹುಡುಗನನ್ನೇ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬಂದರು. ಚೊಕ್ಕಸಂದ್ರದ ಒಂದು ಮನೆಯ ಜಗುಲಿಯ ಮೇಲೆ ಅವನ ಜೊತೆ ಕೂತರು. ಒಂದು ಅಜ್ಜಿ ಹೊರಗೆ ಬಂದು, "ಯಾರಪ್ಪಾ ನೀವು?" ಎಂದಿತು.

"ಪೀಣ್ಯದೋರು ಕಣಜ್ಜಿ. ಇವ್ನು ನನ್ನ ಮಗ. ಹನ್ನೊಂದು ವರ್ಷ. ಇನ್ನೂ ಅಂಗಿ ಗುಂಡಿ ಹಾಕ್ಕೊಳಕ್ಕೆ ಬರಲ್ಲ."

ಅಜ್ಜಿ ಹುಡುಗನನ್ನು ನೋಡಿತು. ಅವನ ತೆರೆದ ಅಂಗಿಯನ್ನು ನೋಡಿತು. ಒಂದು ನಿಮಿಷ ತಡೆದುಕೊಂಡಿತು. ಆಮೇಲೆ ಆಗಲಿಲ್ಲ.

"ನಮ್ಮೋನಿಗೆ ಬತ್ತದೆ!" ಎಂದು ಒಳಗೆ ಹೋಗಿ, ಹತ್ತು ವರ್ಷದ ಮೊಮ್ಮಗನನ್ನು ಕೈಹಿಡಿದು ಜಗುಲಿಗೆ ತಂದು ನಿಲ್ಲಿಸಿತು. "ಆಕ್ಕೊಂಡು ತೋರ್ಸು ಮಗಾ!"

ಅವನು ಐದು ಗುಂಡಿಗಳನ್ನೂ ಹಾಕಿ ತೋರಿಸಿದ. ನಾನು ಹೆಸರು ಬರೆದುಕೊಂಡೆ. ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಬೇಲಿಯ ಆಚೆಯಿಂದ ಕೂಗಿದಳು: "ಗುಂಡಿ ಏನ್ ಮಹಾ! ನಮ್ಮುಡುಗಿ ಜಡೇನೇ ಎಣ್ಕೋತಾಳೆ, ಬರ್ಕೊಳ್ಳಿ ಸ್ವಾಮಿ!"

ತಲೆ ಎಣಿಕೆ

ತಿಂಗಳ ಕೊನೆಯ ದಿನ ಅಧಿಕಾರಿ ಬಂದರು. ಎರಡು ಕೋಣೆಗಳಲ್ಲಿ ಮಕ್ಕಳು ಚಾಪೆಯ ಮೇಲೆ ಕೂತಿದ್ದರು. ನನ್ನ ಮಗಳು ಮೊದಲ ಸಾಲಿನಲ್ಲಿದ್ದಳು, ಮೊದಲ ಸಲ ಅಮ್ಮನಿಲ್ಲದೆ. ಅವಳಮ್ಮ ಅಭ್ಯಾಸಬಲದಿಂದ ಒಳಗೆ ಹೋಗಿ ಕೂತಿದ್ದಳು. ಮಗಳೇ ಅವಳ ಕೈಹಿಡಿದು ಎಬ್ಬಿಸಿ ಬಾಗಿಲ ಹೊರಗೆ ಬಿಟ್ಟು ಹೋದಳು. ನನ್ನ ಹೆಂಡತಿ ಕಿಟಕಿಯ ಹತ್ತಿರ ನಿಂತು ಸೆರಗಿನಿಂದ ಮೂಗು ಒರೆಸಿಕೊಂಡಳು.

ಅಧಿಕಾರಿ ಎಣಿಸಿದರು. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಎಣಿಸಿದರು. ನಾವು ಹನ್ನೊಂದು ಜನ ತಂದೆಯರೂ ಬಾಗಿಲಲ್ಲಿ ನಿಂತಿದ್ದೆವು.

"ಏನ್ರೀ ಇದು? ಅರ್ಜೀಲಿ ಇಪ್ಪತ್ತೆರಡು. ಇಲ್ಲಿ ಮೂವತ್ತೊಂದು ತಲೆ ಇದೆ. ಸರ್ಕಾರಕ್ಕೆ ಸುಳ್ಳು ಹೇಳಿದ್ರಾ?"

ಕಾರ್ಯದರ್ಶಿ ತಲೆ ತಗ್ಗಿಸಿ, "ತಪ್ಪಾಯ್ತು ಸಾರ್," ಎಂದರು. ಎರಡರಷ್ಟು ಕೇಳಿ, ಕಡಿಮೆ ಕೇಳಿದ್ದಕ್ಕೆ ಬೈಸಿಕೊಂಡ ಯೂನಿಯನ್ ನಾಯಕ ಇನ್ನೊಬ್ಬ ಇರಲಾರ.

ಅಧಿಕಾರಿಯ ಮುಖದಲ್ಲಿ ನಗು ಕಾಣಿಸಿತು. ಅವರು ಆವತ್ತು ರಿಜಿಸ್ಟರಿನಲ್ಲಿ ಮೂವತ್ತೊಂದು ಹೆಸರನ್ನೂ ತಾವೇ ಕೂತು ಬರೆದರು. ಆ ಋಣ ಇವತ್ತಿಗೂ ನಮ್ಮ ಮೇಲಿದೆ. ಹೊರಡುವಾಗ ಹೇಳಿದರು: "ಇಷ್ಟು ಮಕ್ಕಳಿಗೆ ಇಬ್ಬರು ಟೀಚರು ಸಾಲಲ್ಲ. ಇನ್ನೊಬ್ಬರು ಬೇಕು ಅಂತ ಒಂದು ಅರ್ಜಿ ಕೊಡಿ, ಇಲ್ಲೇ ಸಹಿ ಹಾಕ್ತೀನಿ."

"ಈಗ್ಲೇ ಬರೀತೀನಿ ಸಾರ್," ಎಂದು ಕಾರ್ಯದರ್ಶಿ ಕಾಗದ ಬಿಡಿಸಿದರು. ನನ್ನ ಕಿವಿಯ ಹತ್ತಿರ ಬಗ್ಗಿ, "ಇಬ್ಬರು ಅಂತ ಬರೀಲಾ ಗುರು? ಆಗ ಮಕ್ಕಳನ್ನ ಅರುವತ್ತೆರಡು ಮಾಡಬೇಕಾಗುತ್ತೆ," ಎಂದರು.

ನನ್ನದು ಮಾತು ಕಡಿಮೆ. ಅವರ ಕೈಯಿಂದ ಪೆನ್ನು ಕಿತ್ತುಕೊಂಡೆ.