ನೀಲಮ್ಮನಿಗೊಂದು ಹಸಿರು ಸೀರೆ

ಹೆದರದ ಹೆಂಡತಿಯನ್ನು ಕಟ್ಟಿಕೊಂಡವನು ದೆವ್ವದ ಕಾದಂಬರಿಗೆ ಕೈ ಹಾಕಬಾರದು ಅಂತ ಗೆಳೆಯರೆಲ್ಲ ಹೇಳಿದರು. ಬರೆದೇ ತೀರುತ್ತೇನೆ ಎಂದೆ. ಸುರಪುರದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ನನಗೆ ಇದುವರೆಗೆ ಯಾರೂ ಹೆದರಿಲ್ಲ. ವಿದ್ಯಾರ್ಥಿಗಳು ಹೆದರಲಿಲ್ಲ, ಮನೆಯ ಬೆಕ್ಕು ಹೆದರಲಿಲ್ಲ, ಹೆಂಡತಿ ಶಾಂತಮ್ಮನ ಮಾತಂತೂ ಬಿಡಿ. ಈ ಕಾದಂಬರಿ ಕೇಳಿಯಾದರೂ ಆಕೆ ಒಮ್ಮೆ ಬೆಚ್ಚಿಬೀಳಬೇಕು, ಅಷ್ಟೇ ನನ್ನ ಆಸೆ.

ಕಥೆ ನಾಯಕ ದೊರೆಗಳ ಕಾಲದ್ದು. ಗುಡ್ಡದ ಬುಡದಲ್ಲೊಂದು ಕಲ್ಲಿನ ವಾಡೆ, ತೊಲೆಗಳ ತುಂಬ ಬಾವಲಿ. ಯಜಮಾನ ತನ್ನ ಸೊಸೆ ನೀಲಮ್ಮನನ್ನು ಜೀವಂತವಾಗಿ ಗೋಡೆಯೊಳಗಿಟ್ಟು ಕಟ್ಟಿಸುತ್ತಾನೆ. ಅಂದಿನಿಂದ ಗೋಡೆ ನರಳುತ್ತದೆ. ವಾಡೆಗೆ ಮಾದರಿ ನಾವಿರುವ ಮನೆಯೇ. ನಮ್ಮ ಗೋಡೆಯಲ್ಲಿ ನರಳುವುದು ಮಾತ್ರ ನೀರಿನ ಪೈಪು. ಮಧ್ಯಾಹ್ನ ಊಟವಾದ ಮೇಲೆ, ಬರೆದದ್ದನ್ನು ದನಿ ನಡುಗಿಸಿ ಓದಿದೆ. ಶಾಂತಮ್ಮ ಜೋಳ ಹಸನು ಮಾಡುತ್ತ ಕೇಳಿಸಿಕೊಂಡಳು.

"ಪಾಪ, ಒಳಗ ಆಕಿ ಉಂಡಾಳೇನ್ರಿ?"

"ಏ, ಅದು ದೆವ್ವ ಅದ!"

"ದೆವ್ವ ಆದ್ರೇನು, ಹಸಿವು ಆಗಂಗಿಲ್ಲೇನು? ಹಸದಾಳ, ಅದಕ್ಕ ಅಳಾಕತ್ಯಾಳ."

ನಮ್ಮ ಕಡೆ ಮಹಾನವಮಿ ಅಮಾವಾಸ್ಯೆಗೆ ಸತ್ತ ಹಿರಿಯರಿಗೆ ಹೊಸ ಬಟ್ಟೆ ಇಟ್ಟು, ಹೋಳಿಗೆಯ ಎಡೆ ಮಾಡಿ, ಮನೆಯವರೆಲ್ಲ ಅಡ್ಡಬಿದ್ದ ಮೇಲೆಯೇ ಊಟ. ಈ ಸಲ ನೋಡುತ್ತೇನೆ, ಅಪ್ಪನ ಧೋತರ, ಅವ್ವನ ಸೀರೆಯ ಪಕ್ಕ ಇನ್ನೊಂದು ಹಸಿರು ಸೀರೆ, ಅದರ ಮೇಲೆ ಬಳೆ.

"ಇದು ಯಾರಿಗೆ?"

"ನೀಲಮ್ಮಗ್ರಿ. ಈ ಮನಿ ಸೊಸಿ ಹೌದಲ್ರಿ."

ಸಿಟ್ಟು ನೆತ್ತಿಗೇರಿತು. ಎಡೆ ಉಂಡ ದೆವ್ವ ಮನೆಯ ಹಿರಿಯಳಾಗಿಬಿಡುತ್ತದೆ. ಆಮೇಲೆ ಅದು ಯಾರನ್ನು ಹೆದರಿಸೀತು? "ಆಕಿ ಇಲ್ಲವೇ ಇಲ್ಲ, ನಾ ಹುಟ್ಟಿಸಿದಾಕಿ!" ಎಂದು ಕೂಗಿದೆ.

"ಹುಟ್ಟಿಸಿದವರೂ ನೀವ, ಸಾಯಿಸಿದವರೂ ನೀವ. ಒಂದು ತುತ್ತು ಹಾಕಿದವರು ಯಾರ್ರಿ?"

ಅಷ್ಟರಲ್ಲಿ ಪಕ್ಕದ ಮನೆಯ ಮೆಹಬೂಬ್‌ಬೀ ಲೋಬಾನದ ಧೂಪ ಹಿಡಿದು ಬಂದಳು. ಸುದ್ದಿ ಅಲ್ಲಿಗೂ ಮುಟ್ಟಿತ್ತು. "ಗ್ವಾಡ್ಯಾಗ ಹಾಕಿದ್ದು ಭಾಳ ಜುಲುಮ್ ಆತ್ರಿ ಮಾಸ್ತರ" ಎಂದು ನನ್ನನ್ನೇ ದುರುಗುಟ್ಟಿ ನೋಡಿದಳು.

ನಾನು ಅಡ್ಡಬೀಳಲಿಲ್ಲ. ನಾನೇ ಬರೆದ ಪಾತ್ರಕ್ಕೆ ನಾನೇ ನಮಸ್ಕಾರ ಮಾಡುವುದೆಂದರೇನು? ಹೋಳಿಗೆಯ ವಾಸನೆ ಹೊಟ್ಟೆ ಹಿಂಡುತ್ತಿದ್ದರೂ ಕಂಬದ ಹಾಗೆ ನಿಂತೆ. ಶಾಂತಮ್ಮ ಸೀರೆಯ ಮುಂದೆ ಕೂತು, ನನಗೆ ಕೇಳುವಂತೆಯೇ ಬೇಡಿಕೊಂಡಳು: "ಯವ್ವಾ, ಇವರಿಗೆ ಮಾಫ್ ಮಾಡು. ಹೊಟ್ಟಿ ತುಂಬಿದ ಮ್ಯಾಲ ಬರಿಯಾಕ ಕೂಡತಾರ, ಅದಕ್ಕ ತಿಳಿಯಂಗಿಲ್ಲ."

ಉಪವಾಸವೇ ಸರಿ ಎಂದು ಒಳಗೆ ಹೋಗಿ ಬರೆಯಲು ಕೂತೆ. ನೀಲಮ್ಮ ಗೋಡೆ ಒಡೆದು ಬರುವ ಅಧ್ಯಾಯ. ಖಾಲಿ ಹೊಟ್ಟೆಯ ಗುಣವೋ ಏನೋ, ಎಂದೂ ಇಲ್ಲದ ಹಾಗೆ ಬರವಣಿಗೆ ಓಡಿತು. ಕಲ್ಲು ಉರುಳಿತು. ಆಕೆ ಹೊರಗೆ ಬಂದಳು. ಹಸಿರು ಸೀರೆ ಉಟ್ಟಿದ್ದಳು. ಅದನ್ನು ಉಡಿಸಿದವನು ನಾನಲ್ಲ! ನೆಟ್ಟಗೆ ಬಂದು ಯಜಮಾನನ ಕುತ್ತಿಗೆಗೆ ಕೈ ಹಾಕಿದಳು. ಪೆನ್ನು ಕೆಳಗಿಟ್ಟು ನನ್ನ ಕುತ್ತಿಗೆ ಮುಟ್ಟಿ ನೋಡಿಕೊಂಡೆ.

ಎದ್ದು ಹೋಗಿ ಆ ಸೀರೆಯ ಮುಂದೆ ಉದ್ದಕ್ಕೆ ಅಡ್ಡಬಿದ್ದೆ. ಹೋಳಿಗೆಯ ಆಸೆಗೆ ಬಿದ್ದೆನೆಂದು ಶಾಂತಮ್ಮ ನಕ್ಕಳು. ನಗಲಿ. ಕಾದಂಬರಿಗೆ ಕೊನೆಗೂ ಒಬ್ಬರು ಹೆದರಿದರು ಎಂಬುದನ್ನು ನಾನಂತೂ ಆಕೆಗೆ ಹೇಳುವವನಲ್ಲ.