ನಮ್ಮವಳ ನೋವಿಗೆ ನಂಬರ್ ಕೇಳಿದ್ದು

ಕಾಯಿಲೆ ಇರೋ ಮನೇಲಿ ನಗು ಇರಲ್ಲ ಅಂತಾರೆ. ನಮ್ಮ ಚಾಮರಾಜಪೇಟೆ ಮನೇಲಿ ಗುರುವಾರ ಬಂದ್ರೆ ನಗೋಕೆ ಏನಾದ್ರೂ ಒಂದು ಆಗ್ತಿತ್ತು.

ನನ್ನ ಹೆಂಡತಿಗೆ ಕ್ಯಾನ್ಸರ್. ವಾಸಿಯಾಗಲ್ಲ, ನೋವಾದ್ರೂ ಕಮ್ಮಿ ಮಾಡೋಣ ಅಂದ್ರು ಡಾಕ್ಟ್ರು. ಆ ಚಿಕಿತ್ಸೆಯಿಂದ ಎಷ್ಟು ಪ್ರಯೋಜನ ಅಂತ ಸಂಶೋಧನೆ ಮಾಡೋ ಹುಡುಗಿ ಪ್ರತಿ ಗುರುವಾರ ಫಾರಂ ಹಿಡಿದು ಬರೋಳು. ಅವಳು ಬರೆದ ನಂಬರ್ ನೋಡಿ ಡಾಕ್ಟ್ರು ಮಾತ್ರೆ ಹೆಚ್ಚಿಸೋರು.

ನಮ್ಮವಳು ತೀರಿಕೊಂಡು ಒಂಬತ್ತು ತಿಂಗಳು. ನಾನು ಓದಿದ್ದು ಕಮ್ಮಿ. ನೆನಪಿದ್ದಷ್ಟು ಬರೀತೀನಿ.

1. ಮೊದಲನೇ ಗುರುವಾರ

"ಆಂಟಿ, ನೋವಿಲ್ಲ ಅಂದ್ರೆ ಸೊನ್ನೆ. ತಡೆಯೋಕಾಗಲ್ಲ ಅಂದ್ರೆ ಹತ್ತು. ನಿಮಗೆಷ್ಟು?"

"ಎರಡು" ಅಂದಳು ನಮ್ಮವಳು.

ಹುಡುಗಿ ಬರ್ಕೊಂಡು ಹೋದಳು. ನಾನು ಗೇಟು ಹಾಕಿ ಬರೋಷ್ಟರಲ್ಲಿ ಇವಳು ದಿಂಬು ಕಚ್ಚಿಕೊಂಡಿದ್ದಳು.

"ಎರಡು ಅಂದ್ಯಲ್ಲೇ!"

"ಮೊದಲನೇ ಸಲ ಮನೆಗೆ ಬಂದಿದಾಳೆ. ಬಂದ ತಕ್ಷಣ ಎಂಟು ಅನ್ನೋಕಾಗುತ್ತೇನ್ರೀ?"

2. ಮುಖಗಳು

ಮುಂದಿನ ವಾರ ಹುಡುಗಿ ಒಂದು ಕಾರ್ಡು ತಂದಳು. ಸಾಲಾಗಿ ಮುಖಗಳು. ಈ ಕಡೆ ನಗೋದು, ಆ ಕಡೆ ಅಳೋದು. ನಿಮ್ಮ ನೋವು ಯಾವುದು, ಮುಟ್ಟಿ ತೋರಿಸಿ ಅಂದಳು.

ನಮ್ಮವಳು ನಗೋ ಮುಖ ಮುಟ್ಟಿದಳು.

"ಸುಳ್ಳು ಕಣಮ್ಮ, ಎಂಟು ಬರ್ಕೊ" ಅಂದೆ.

"ಪೇಷಂಟ್ ಹೇಳಿದ್ದನ್ನೇ ಬರೀಬೇಕು ಅಂಕಲ್. ಆಂಟಿ, ಸರಿಯಾಗಿ ನೋಡಿ ಹೇಳಿ."

"ನೋಡಿದೆ ಮಗು. ಉಳಿದವೆಲ್ಲ ನಮ್ಮ ಯಜಮಾನ್ರ ಮುಖ."

3. ಕಾಫಿ

ಹುಡುಗಿ ನಮ್ಮನೇಲಿ ಏನೂ ಮುಟ್ಟುತ್ತಿರಲಿಲ್ಲ. ಪೇಷಂಟ್ ಮನೇಲಿ ಏನೂ ತಗೋಬಾರದು ಅಂತ ರೂಲ್ಸಂತೆ.

ನಾಲ್ಕನೇ ವಾರ ಇವಳು ಕೇಳೇಬಿಟ್ಟಳು. "ನಮ್ಮನೆ ನೀರೂ ಬೇಡ. ಒಳಗಿನ ಮಾತು ಮಾತ್ರ ಬೇಕಾ?"

ಹುಡುಗಿ ಪೆನ್ನು ಕೆಳಗಿಟ್ಟಳು. ಆಮೇಲೆ "ಅಂಕಲ್, ಅರ್ಧ ಲೋಟ ಕಾಫಿ ಕೊಡಿ" ಅಂದಳು.

ಮಾಡಿಕೊಟ್ಟೆ. ಅವಳು ಕುಡಿದು ಲೋಟ ಇಟ್ಟಳು. ಇವಳು "ಎಂಟು" ಅಂದಳು.

ಹುಡುಗಿ ಅಲ್ಲಿಂದಲೇ ಡಾಕ್ಟ್ರಿಗೆ ಫೋನ್ ಮಾಡಿದಳು. ಕಣ್ಣು ಒರೆಸಿಕೊಂಡಳು.

"ಇರ್ಲಿ ಬಿಡು. ಕಾಫಿ ಹೇಗಿತ್ತು? ಹತ್ತಕ್ಕೆ ಎಷ್ಟು?" ಅಂದಳು ನಮ್ಮವಳು.

"ಹತ್ತು ಆಂಟಿ."

ನಾನು ಮಾಡಿದ ಕಾಫಿ, ನನಗೇ ಗಂಟಲಲ್ಲಿ ಇಳಿಯಲ್ಲ. ನಮ್ಮವಳು ನನ್ನ ಕಡೆ ತಿರುಗಿ, "ಇವಳೂ ಕಲಿತುಬಿಟ್ಟಳು ನೋಡ್ರೀ" ಅಂದಳು.

4. ಕೊನೇ ಫಾರಂ

ಮಾತ್ರೆ ಜಾಸ್ತಿ ಆಯ್ತು. ನಿದ್ದೆ ಬಂತು. ಆರನೇ ಗುರುವಾರ ನಮ್ಮವಳು ಎದ್ದು ಕೂತು ಅವರೆಕಾಯಿ ಸುಲೀತಿದ್ದಳು. ನೋವು ಎಷ್ಟು ಅಂದ್ರೆ, "ಎರಡು. ನಿಜವಾಗ್ಲೂ."

ಹುಡುಗಿ ಖುಷಿಯಾಗಿ ಅವಳ ಸಾಹೇಬ್ರಿಗೆ ಫೋನ್ ಮಾಡಿ, ನಮಗೂ ಕೇಳಿಸಲಿ ಅಂತ ಸ್ಪೀಕರ್ ಹಾಕಿದಳು.

ಸಾಹೇಬ್ರು ಅಂದ್ರು, "ಮೊದಲನೇ ಫಾರಂಲೂ ಎರಡು, ಕೊನೇದ್ರಲ್ಲೂ ಎರಡು. ನಾವು ಹೋಲಿಸೋದು ಅವೆರಡನ್ನೇ. ಅಂದ್ರೆ ಮಾತ್ರೆಯಿಂದ ಏನೂ ಪ್ರಯೋಜನ ಆಗಿಲ್ಲ."

ಇವಳು ಅವರೆಕಾಯಿ ಬಿಟ್ಟು ಫೋನ್ ಕಿತ್ಕೊಂಡಳು. "ಆಗಿಲ್ಲ ಅಂತ ಯಾರ್ರೀ ಹೇಳಿದ್ದು? ಆವತ್ತಿನ ಎರಡು ಮರ್ಯಾದೆಗೆ ಹೇಳಿದ್ದು. ಇವತ್ತಿಂದು ನಿಜ."

"ಅದನ್ನ ಬರೆಯೋಕೆ ಫಾರಂಲಿ ಜಾಗ ಇಲ್ಲಮ್ಮ."

"ಅಂಚಲ್ಲಿ ಬರ್ಕೊಳಿ ಸಾಹೇಬ್ರೇ. ಹೆಂಗಸು ಸುಳ್ಳುಬುರುಕಿ, ಮಾತ್ರೆ ಒಳ್ಳೇದು."