ಜಪಾನ್ ತಟ್ಟೆಯ ಹವಲ್ಲಿ ಪ್ರವಾಸ

ಪಿಂಗಾಣಿಯ ವಿಷಯದಲ್ಲಿ ನನಗಿರುವ ಪಾಂಡಿತ್ಯ ಎಷ್ಟೆಂದು ಯಾರಾದರೂ ಮೊದಲೇ ಕೇಳಿದ್ದರೆ ಇದ್ಯಾವುದೂ ನಡೆಯುತ್ತಿರಲಿಲ್ಲ. ಯಾರೂ ಕೇಳಲಿಲ್ಲ. ನಾನೇ ಹೇಳಿಕೊಂಡೆ.

ನನ್ನ ಹೆಸರು ಶ್ರೀಕಂಠ. ಊರು ನಂಜನಗೂಡು. ಹದಿನಾಲ್ಕು ವರ್ಷದಿಂದ ಕುವೈತಿನಲ್ಲಿ ಇಂಜಿನಿಯರು. ಜಪಾನಿನಿಂದ ನೀರೆತ್ತುವ ಪಂಪುಗಳನ್ನು ತರಿಸಿ ಇಲ್ಲಿನ ಕಟ್ಟಡಗಳಲ್ಲಿ ಕೂರಿಸುವ ಕಂಪನಿ ನಮ್ಮದು. ಆಫೀಸು ಶರ್ಕಿನಲ್ಲಿ, ಮನೆ ಮೈದಾನ್ ಹವಲ್ಲಿಯಲ್ಲಿ. ಪಂಪಿನ ವಿಷಯದಲ್ಲಿ ನನ್ನನ್ನು ಯಾರೂ ಅಲುಗಾಡಿಸಲಾರರು. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಎರಡು ವರ್ಷದ ಹಿಂದೆ ಶುಕ್ರವಾರದ ಸಂತೆಗೆ ಕುರ್ಚಿ ಕೊಳ್ಳಲು ಹೋದವನು ಒಂದು ಹಳೆಯ ಹೂಜಿ ಹಿಡಿದುಕೊಂಡು ಬಂದೆ. ಅಂದಿನಿಂದ ಹಳೆ ಪಿಂಗಾಣಿಯ ಹುಚ್ಚು ಹತ್ತಿತು. ಆ ಹೂಜಿ ವಿಕ್ಟೋರಿಯಾ ರಾಣಿಯ ಕಾಲದ್ದೆಂದು ಮನೆಯಲ್ಲಿ ಅರ್ಧ ಗಂಟೆ ವಿವರಿಸಿದೆ. ಮಗಳು ಇಂಚರ ಅದನ್ನು ತಲೆಕೆಳಗು ಮಾಡಿ ನೋಡಿ, "ಅಪ್ಪಾ, ಇಟ್ ಸೇಸ್ ಮೈಕ್ರೋವೇವ್ ಸೇಫ್" ಎಂದಳು.

ಹೆಂಡತಿ ವಾಣಿ ಅವತ್ತು ನಗಲಿಲ್ಲ. ಮೂರನೆಯ ಹೂಜಿ ಬಂದ ದಿನ ಮಾತ್ರ ಶಾಂತವಾಗಿ ತೀರ್ಪು ಕೊಟ್ಟಳು: "ಇನ್ನೊಂದು ಹಳೇ ಪಾತ್ರೆ ಈ ಮನೆಗೆ ಬಂದ್ರೆ, ಅದನ್ನೂ ನಿಮ್ಮನ್ನೂ ಒಟ್ಟಿಗೆ ಆ ಸಂತೇಲೇ ಬಿಟ್ಟು ಬರ್ತೀನಿ ರೀ."

ಹೀಗಿರುವಾಗ ಒಂದು ಗುರುವಾರ ನಮ್ಮ ಕಂಪನಿಯ ಯಜಮಾನರು, ಎಲ್ಲರೂ ಅಬು ಫಹದ್ ಎಂದೇ ಕರೆಯುವವರು, ನನ್ನನ್ನು ಕೋಣೆಗೆ ಕರೆದರು. ಮೇಜಿನ ಮೇಲೆ ಟವೆಲಿನಲ್ಲಿ ಸುತ್ತಿದ ಒಂದು ತಟ್ಟೆ. ಕೆನೆಯ ಬಣ್ಣ, ಅದರ ಮೇಲೆ ಕಂದು ಚಿತ್ರ. ಒಂದು ಬದಿಯಲ್ಲಿ ಬೀಸಣಿಗೆ, ಇನ್ನೊಂದರಲ್ಲಿ ಬಿದಿರಿನ ಪಕ್ಕ ಕೊಕ್ಕರೆ, ಅಂಚಿಗೆ ಅರ್ಧ ಕತ್ತರಿಸಿದಂಥ ಚಂದ್ರ, ಅಡ್ಡಾದಿಡ್ಡಿ ಹೂವಿನ ರೆಂಬೆ. ಮೈತುಂಬಾ ಕೂದಲೆಳೆಯಂಥ ಬಿರುಕುಗಳ ಜಾಲ.

"ನಮ್ಮಮ್ಮನದು," ಎಂದರು ಅಬು ಫಹದ್. ಅವರಾಡಿದ ಇಂಗ್ಲಿಷನ್ನು ಕನ್ನಡದಲ್ಲೇ ಕೊಡುತ್ತಿದ್ದೇನೆ. "ಒಂದು ಡಜನ್ ಇದ್ದವು. ಉಳಿದದ್ದು ಇದೊಂದೇ. ಅಮ್ಮ ಹೋದ ಮೇಲೆ ಕಪಾಟಿನಿಂದ ತೆಗೆದೇ ಇರಲಿಲ್ಲ. ಮುಂದಿನ ಗುರುವಾರ, ಜಪಾನಿನಿಂದ ನಮಗೆ ಪಂಪು ಕಳಿಸುವ ತನಾಕಾ ನಮ್ಮ ದಿವಾನಿಯಾಗೆ ಬರುತ್ತಾರೆ. ಇದು ಎಲ್ಲಿಯದು ಅಂತ ಗೊತ್ತಿದ್ದರೆ ತೋರಿಸಬಹುದಿತ್ತು."

ದಿವಾನಿಯಾ ಎಂದರೆ ಇಲ್ಲಿನ ಮನೆಗಳ ಹಜಾರ. ವಾರಕ್ಕೊಂದು ಸಂಜೆ ಗಂಡಸರು ಸೇರಿ ಚಹಾ ಕುಡಿದು ಲೋಕದ ವಿಚಾರ ಇತ್ಯರ್ಥ ಮಾಡುವ ಜಾಗ. ಅಲ್ಲಿಗೆ ನನ್ನನ್ನು ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಕರೆದಿರಲಿಲ್ಲ.

"ಜಪಾನಿನದು ಸರ್. ನೂರಕ್ಕೆ ನೂರು," ಎಂದೆ.

ನನ್ನ ಈ ಧೈರ್ಯಕ್ಕೆ ಆಧಾರವಿಲ್ಲದೆ ಇರಲಿಲ್ಲ. ಹಿಂದಿನ ಶನಿವಾರವಷ್ಟೇ, ಊಟವಾದ ಮೇಲೆ, ಜಪಾನಿನ ಕಲೆಯ ಮೇಲೊಂದು ವಿಡಿಯೋ ನೋಡಿದ್ದೆ. ಬೀಸಣಿಗೆ, ಕೊಕ್ಕರೆ, ಬಿದಿರು, ಎಲ್ಲ ಬಂದಿದ್ದವು. ಜಪಾನು ತನ್ನ ಬಂದರುಗಳನ್ನು ತೆರೆದ ಮೇಲೆ ಯೂರೋಪಿನವರು ಇವನ್ನೆಲ್ಲ ನೋಡಿ ಹುಚ್ಚಾದರು ಎಂಬಲ್ಲಿಯವರೆಗೆ ಕೇಳಿದ ನೆನಪು. ಆಮೇಲೆ ಯೂರೋಪಿನವರು ಏನು ಮಾಡಿದರು ಎಂಬ ಭಾಗಕ್ಕೆ ಬರುವಷ್ಟರಲ್ಲಿ ನನಗೆ ನಿದ್ದೆ ಬಂದಿತ್ತು.

"ಒಂದು ವಾರ ಕೊಡಿ ಸರ್, ತಟ್ಟೆಯ ಪೂರ್ತಿ ಇತಿಹಾಸ ಬರೆದು ತರುತ್ತೇನೆ."

ಅವರು ತಟ್ಟೆಯನ್ನು ಮತ್ತೆ ಟವೆಲಿನಲ್ಲಿ ಸುತ್ತಿದರು. ಆಮೇಲೆ ಎರಡೂ ಕೈಯಿಂದ ಎತ್ತಿ, ನನ್ನ ಕಣ್ಣನ್ನೇ ನೋಡುತ್ತ ನನ್ನ ಕೈಗಿಟ್ಟರು. ಕೋಟಿಗಟ್ಟಲೆ ಬೆಲೆಯ ಪಂಪಿನ ಕೆಲಸ ಒಪ್ಪಿಸುವಾಗಲೂ ಅವರು ನನ್ನನ್ನು ಹಾಗೆ ನೋಡಿರಲಿಲ್ಲ. ನನಗೆ ಎದೆ ತುಂಬಿ ಬಂತು. ಬುದ್ಧಿ ಇದ್ದಿದ್ದರೆ ಭಯವೂ ಆಗಬೇಕಿತ್ತು.

ಮನೆಗೆ ಬಂದ ಮೇಲೆ ಪ್ರಶ್ನೆ: ಎಲ್ಲಿಡುವುದು? ವಾಣಿಗೆ ಹೇಳುವಂತಿಲ್ಲ, ತೀರ್ಪು ಜಾರಿಯಲ್ಲಿದೆ. ಬೀರುವಿನ ಬೀಗದ ಕೈ ಅವಳ ಹತ್ತಿರ. ಮಂಚದಡಿ ಇಂಚರಳ ಸ್ಕೇಟು. ಸಾಕಷ್ಟು ಯೋಚಿಸಿ, ತಟ್ಟೆಗೆ ತಟ್ಟೆಗಳ ನಡುವೆ ಇರುವುದಕ್ಕಿಂತ ಕ್ಷೇಮವಾದ ಜಾಗವಿಲ್ಲ ಎಂಬ ತೀರ್ಮಾನಕ್ಕೆ ಬಂದು ಅಡುಗೆಮನೆಯ ಶೆಲ್ಫಿನಲ್ಲಿ, ಸ್ಟೀಲ್ ತಟ್ಟೆಗಳ ಹಿಂದೆ ಒರಗಿಸಿಟ್ಟೆ. ಇದನ್ನು ಯೋಚಿಸಿದ್ದು ಒಬ್ಬ ಇಂಜಿನಿಯರ್ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಸೋಮವಾರ ಸಂಜೆ ನೋಡಿದರೆ ತಟ್ಟೆ ಇಲ್ಲ.

"ವಾಣಿ, ಇಲ್ಲೊಂದು ತಟ್ಟೆ ಇತ್ತಲ್ಲ."

"ಯಾವುದು, ಕೊಕ್ಕರೆ ಇರೋದಾ? ಬಿಸಿಬೇಳೆಬಾತ್ ಹಾಕಿ ಲವೀನಾ ಮನೆಗೆ ಕೊಟ್ಟೆ. ಅದು ಎಲ್ಲಿಂದ ಬಂತು ಅಂತ ನಾನೇ ಕೇಳ್ಬೇಕು ಅಂತಿದ್ದೆ."

"ಆಫೀಸಲ್ಲಿ ಯಾರೋ ಕೊಟ್ರು," ಎಂದೆ. "ಹೋಗಿ ಇಸ್ಕೊಂಡು ಬರ್ಲಾ?"

"ಕೊಟ್ಟ ಪಾತ್ರೆ ಕೇಳೋಕೆ ಹೋಗ್ತಾರೇನ್ರೀ? ಅವರು ಏನಾದ್ರೂ ಮಾಡಿದಾಗ ಹಾಕಿ ಕೊಡ್ತಾರೆ."

ಇದು ನಮ್ಮ ಕಟ್ಟಡದ ಕನ್ನಡಿಗರ ಬರೆಯದ ಕಾನೂನು. ಬಾಡಿಗೆ ತಡವಾದರೂ ನಡೆದೀತು, ಒಬ್ಬರ ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಹಿಂತಿರುಗಿಸುವಂತಿಲ್ಲ. ಹೀಗಾಗಿ ಯಾರ ಮನೆಯಲ್ಲಿ ಯಾರ ಡಬ್ಬಿ ಇದೆಯೆಂದು ಯಾರಿಗೂ ಗೊತ್ತಿಲ್ಲ. ಮಂಗಳವಾರವೆಲ್ಲ ಕಾದೆ. ಬಾಗಿಲ ಗಂಟೆ ಎರಡು ಸಲ ಬಡಿಯಿತು. ಎರಡು ಸಲವೂ ಕುಡಿಯುವ ನೀರಿನವನು. ಬುಧವಾರ ಸಂಜೆ ವಾಣಿಗೆ ಗೊತ್ತಾಗದಂತೆ ಎರಡನೇ ಮಹಡಿಗೆ ಇಳಿದೆ.

ಲವೀನಾ ಶಿರ್ವದ ಕಡೆಯವರು, ಇಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಬಾಗಿಲು ತೆರೆದವರೇ ಕೂರಿಸಿ ಕೇಕು ತಂದಿಟ್ಟರು. ಕೇಕು ಮುಗಿಯುವವರೆಗೆ ವಿಷಯ ಎತ್ತುವುದು ಮರ್ಯಾದೆಯಲ್ಲ. ಬೇಗಬೇಗ ನುಂಗಿದೆ. ಇಷ್ಟವಾಯಿತೆಂದು ಇನ್ನೊಂದು ತುಂಡು ಬಂತು.

"ಆ ಪ್ಲೇಟಾ? ಅದು ಹಮೀದಾಕನ ಮನೆಗೆ ಹೋಯ್ತಲ್ಲ ಮಾರಾಯ್ರೆ."

"ಅವರ ಮನೆಗೆ ಯಾಕೆ?"

"ನೀವು ಪೂರಾ ವೆಜ್ ಅಲ್ವಾ. ಮೊನ್ನೆ ನಮ್ಮಲ್ಲಿ ಮೀನೇ. ನಿಮಗೆ ಖಾಲಿ ಪ್ಲೇಟ್ ಕೊಡ್ಲಿಕ್ಕೆ ಆಗ್ತದಾ ಹೇಳಿ? ಹಾಗೇ ಇಟ್ಟಿದ್ದೆ. ನಿನ್ನೆ ಕೋಳಿ ಸುಕ್ಕ ಮಾಡಿದೆ, ಹಮೀದಾಕನಿಗೆ ಕೊಡುವಾ ಅಂದ್ರೆ ಕೈಗೆ ಬೇರೆ ಪ್ಲೇಟ್ ಸಿಗ್ಲಿಲ್ಲ. ಎಂತ, ಅಷ್ಟು ಅರ್ಜೆಂಟಾ?"

ಅರ್ಜೆಂಟಿಲ್ಲವೆಂದು ಹೇಳಿ ಐದನೇ ಮಹಡಿಗೆ ಓಡಿದೆ. ಲಿಫ್ಟಿಗೆ ಕಾಯುವ ತಾಳ್ಮೆ ಇರಲಿಲ್ಲ.

ಹಮೀದಾಕ, ಅಂದರೆ ಹಮೀದಣ್ಣ, ಉಪ್ಪಿನಂಗಡಿಯವರು, ಖೈತಾನಿನಲ್ಲಿ ಮೊಬೈಲ್ ಅಂಗಡಿ. ನಾನು ಏದುಸಿರು ಬಿಡುವುದನ್ನು ಕಂಡು ಮೊದಲು ನೀರು ಕೊಟ್ಟರು. ವಿಷಯ ಕೇಳಿ ಒಳಗಿದ್ದ ಹೆಂಡತಿಯನ್ನು ವಿಚಾರಿಸಿ ಬಂದರು.

"ಅದು ಬಿರುಕು ಬಿಟ್ಟ ಪ್ಲೇಟಲ್ವಾ ಸರ್? ಅದ್ರಲ್ಲೇ ಹಾಕಿ ಲವೀನಕ್ಕನಿಗೆ ವಾಪಾಸ್ ಕೊಟ್ರೆ ನಮ್ಮ ಮರ್ಯಾದೆ ಹೋಗ್ತದೆ ಅಂತ ಇವಳು ಬಿರಿಯಾನಿ ಹಾಕಿ ಹಾರಿಸ್‌ಗೆ ಕೊಟ್ಟಿದ್ದಾಳೆ. ಪ್ಲೇಟ್ ನೀನೇ ಇಟ್ಕೋ ಅಂತ ಹೇಳಿದ್ದಾಳೆ. ಲವೀನಕ್ಕನಿಗೆ ಹೊಸದೇ ತಂದಿಟ್ಟಿದ್ದೇವೆ."

"ಅದು ನೂರು ವರ್ಷಕ್ಕಿಂತ ಹಳೆಯದು ಹಮೀದಾಕ."

"ಹೌದು, ನೋಡುವಾಗಲೇ ಗೊತ್ತಾಗ್ತದೆ. ನಿಮಗೆ ಒಳ್ಳೆ ಪ್ಲೇಟ್ ಬೇಕಾದ್ರೆ ಖೈತಾನಿನಲ್ಲಿ ಉಂಟು, ನಾನು ತೆಗೆಸಿ ಕೊಡ್ತೇನೆ," ಎಂದು ಸಮಾಧಾನ ಮಾಡಿದರು.

ಹಾರಿಸ್ ಅಂದರೆ ಇಲ್ಲಿ ಕಾವಲುಗಾರ, ನಮ್ಮ ಕಟ್ಟಡ ಕಾಯುವ ಮಹಮೂದ್. ಈಜಿಪ್ಟಿನ ಮುದುಕ, ನೆಲಮಹಡಿಯಲ್ಲಿ ಲಿಫ್ಟಿನ ಪಕ್ಕ ಅವನ ಕೋಣೆ. ಐದು ಮಹಡಿ ಇಳಿದು ಹೋದರೆ ಬಾಗಿಲ ಬಳಿ ಬೋರಲು ಹಾಕಿದ ಬಕೆಟ್ಟು, ಅದರ ಮೇಲೆ ನನ್ನ ತಟ್ಟೆ. ಅಬು ಫಹದರ ತಾಯಿಯ ತಟ್ಟೆ. ಮಹಮೂದನ ಬೆಕ್ಕು ಜಪಾನಿನ ಕೊಕ್ಕರೆಯ ಕುತ್ತಿಗೆಯನ್ನು ನಿಧಾನವಾಗಿ ನೆಕ್ಕುತ್ತಿತ್ತು.

ನಾನು ಬೆಕ್ಕಿನ ಮೇಲೆ ಹಾರಿದೆ. ಅದು ನನ್ನ ಮುಂಗೈಯನ್ನು ಮೊಣಕೈವರೆಗೆ ಗೀರಿತು. ಮಹಮೂದ್ ನಮ್ಮಿಬ್ಬರನ್ನೂ ಬಿಡಿಸಿ, ತಟ್ಟೆ ನನ್ನದೆಂದು ತಿಳಿದು ಬಹಳ ನೊಂದುಕೊಂಡು, ಅದನ್ನು ಮೂರು ಸಲ ತೊಳೆದು ಒರೆಸಿದ. ಕೈ ಚಾಚಿದೆ. "ಲಾ, ಲಾ," ಎಂದು ಅಡ್ಡಡ್ಡ ತಲೆಯಾಡಿಸಿ, ಒಳಗೆ ಹೋಗಿ ನಾಲ್ಕು ಟೊಮೆಟೊ ಇಟ್ಟು ತಂದು ಕೊಟ್ಟ.

ಮುಂಗೈಯಲ್ಲಿ ರಕ್ತ, ತಟ್ಟೆಯಲ್ಲಿ ಟೊಮೆಟೊ. ಈ ವೇಷದಲ್ಲಿ ಮನೆಗೆ ಬಂದವನಿಗೆ ಸತ್ಯವಲ್ಲದೆ ಬೇರೆ ದಾರಿ ಉಳಿದಿರಲಿಲ್ಲ. ಎಲ್ಲವನ್ನೂ ವಾಣಿಗೆ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹೋಗಿರೋ ತಾಯಿ ತಟ್ಟೆ ರೀ ಅದು. ಒಂದು ಮಾತು ಹೇಳಿದ್ರೆ ದೇವರ ಮನೇಲಿ ಇಡ್ತಿದ್ದೆ," ಎಂದಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

ತಟ್ಟೆ ಎಲ್ಲೂ ಒಡೆದಿರಲಿಲ್ಲ. ಆದರೆ ದೀಪದ ಕೆಳಗೆ ಹಿಡಿದಾಗ ನಿಜ ಸ್ಥಿತಿ ಕಂಡಿತು. ಬಿಸಿಬೇಳೆಬಾತು, ಸುಕ್ಕ, ಬಿರಿಯಾನಿ, ಮೂರರ ಅರಿಶಿನವೂ ಎಣ್ಣೆಯೂ ಆ ಕೂದಲೆಳೆಯ ಬಿರುಕುಗಳೊಳಗೆ ಇಳಿದು, ತಟ್ಟೆಯ ಮೈತುಂಬಾ ಹಳದಿ ಬಲೆ ಹೆಣೆದಿತ್ತು.

"ನಾಳೆ ಬಿಸಿಲಿಗಿಡಿ," ಎಂದಳು ವಾಣಿ. "ಅರಿಶಿನದ ಕಲೆ ಬಿಸಿಲಿಗೆ ಹೋಗುತ್ತೆ."

"ಆ್ಯಂಟಿಕ್ ವಸ್ತುವನ್ನು ಬಿಸಿಲಿಗೆ ಇಡಬಾರದು," ಎಂದೆ. ಪಾಂಡಿತ್ಯ ಇನ್ನೂ ಇಳಿದಿರಲಿಲ್ಲ. ಬಿಸಿಲಿಗಾಗಿಯೇ ಹೆಸರಾದ ಈ ದೇಶದಲ್ಲಿ ಮರುದಿನ ಬೆಳಗ್ಗೆ ಕಿಟಕಿಯ ಪರದೆ ಎಳೆದುಕೊಂಡು ಕೂತು, ಮೊದಲು ಹುಣಸೆಹಣ್ಣು ಉಪ್ಪು, ಆಮೇಲೆ ನಿಂಬೆರಸ, ಕೊನೆಗೆ ಟೂತ್‌ಪೇಸ್ಟು ಹಾಕಿ ಉಜ್ಜಿದೆ. ಕೆನೆ ಬಣ್ಣ ಬೆಳ್ಳಗಾಯಿತು. ಹಿನ್ನೆಲೆ ಬೆಳ್ಳಗಾದಂತೆ ಹಳದಿ ಗೆರೆ ಇನ್ನಷ್ಟು ಎದ್ದು ಕಂಡಿತು!

ಗುರುವಾರ ಸಂಜೆ ದಿವಾನಿಯಾ. ಗೋಡೆಗುಂಟ ಮೆತ್ತೆಗಳು, ಅವುಗಳ ಮೇಲೆ ಬಿಳಿ ನಿಲುವಂಗಿಯ ಹತ್ತು ಹನ್ನೆರಡು ಮಂದಿ, ನಡುವೆ ತೆಳ್ಳಗಿನ, ನರೆತ ಕೂದಲಿನ ತನಾಕಾ. ಅಬು ಫಹದ್ ನನ್ನನ್ನು "ನಮ್ಮ ಪಿಂಗಾಣಿ ತಜ್ಞ" ಎಂದು ಪರಿಚಯಿಸಿದರು. ನಾನು ಟವೆಲು ಬಿಚ್ಚಿ, ಮುದ್ರಿಸಿ ತಂದಿದ್ದ ಎರಡು ಪುಟದ ಇತಿಹಾಸವನ್ನು ಓದಿದೆ. ಜಪಾನಿನ ಯಾವ ಕುಂಬಾರ ಯಾವ ಬೆಟ್ಟದ ತಪ್ಪಲಲ್ಲಿ ಕೂತು ಇದನ್ನು ಮಾಡಿರಬಹುದೆಂಬ ವರ್ಣನೆಯೂ ಇತ್ತು.

ತನಾಕಾ ತಟ್ಟೆಯನ್ನು ತಿರುಗಿಸಿ, ಹಿಂಬದಿಯ ವಜ್ರದಾಕಾರದ ಸಣ್ಣ ಮುದ್ರೆಯನ್ನು ನೋಡಿ, ಬಹಳ ಮೃದುವಾಗಿ ಹೇಳಿದರು: "ತುಂಬಾ ಚೆಂದದ ಇಂಗ್ಲಿಷ್ ತಟ್ಟೆ."

ಯಾರೋ ಚಹಾದ ಲೋಟವನ್ನು ಕೆಳಗಿಟ್ಟ ಸದ್ದು ಕೇಳಿಸಿತು.

"ಈ ಮುದ್ರೆ ವಿಕ್ಟೋರಿಯಾ ರಾಣಿಯ ಕಾಲದ್ದು. ಆಗ ಇಂಗ್ಲೆಂಡಿನವರಿಗೆ ನಮ್ಮ ಚಿತ್ರಗಳೆಂದರೆ ಪ್ರಾಣ," ಎಂದು ಮುಂದುವರಿಸಿದರು. "ಜಪಾನನ್ನು ಕಣ್ಣಾರೆ ನೋಡದೆ, ನಮ್ಮದೆಂದು ಕಂಡದ್ದನ್ನೆಲ್ಲ ಒಂದೇ ತಟ್ಟೆಗೆ ಹಾಕುತ್ತಿದ್ದರು. ಬೀಸಣಿಗೆ ಬೇಸಿಗೆಯದು, ಈ ಹೂವು ಚಳಿಗಾಲ ಮುಗಿಯುವಾಗಿನದು. ನಾವು ಹೀಗೆ ಬೆರೆಸುವುದಿಲ್ಲ."

ವಿದೇಶಿಯೊಬ್ಬ ಭಾರತದ ಚಿತ್ರವೆಂದು ಆನೆ, ಹಾವಾಡಿಗ, ತಾಜ್‌ಮಹಲು, ತೆಂಗಿನಮರ ಎಲ್ಲವನ್ನೂ ಒಂದೇ ಕ್ಯಾಲೆಂಡರಿಗೆ ತುಂಬಿದಂತೆ ಎಂದು ನನಗೆ ಆಗ ಅರ್ಥವಾಯಿತು. ವಿಡಿಯೋದ ಉಳಿದರ್ಧ ಇದೇ ಇದ್ದಿರಬೇಕು. ಅಷ್ಟಕ್ಕೆ ತಲೆ ತಗ್ಗಿಸಿ ಕೂತಿದ್ದರೆ ಬಚಾವಾಗುತ್ತಿದ್ದೆ. ಆದರೆ ತಜ್ಞ ಎಂಬ ಬಿರುದು ಬಂದು ಇನ್ನೂ ಹತ್ತು ನಿಮಿಷವಾಗಿರಲಿಲ್ಲ.

"ಇರಬಹುದು," ಎಂದೆ, "ಆದರೆ ಈ ಬಂಗಾರದ ಗೆರೆಗಳನ್ನು ನೋಡಿ. ಬಿರುಕಿಗೆ ಚಿನ್ನ ತುಂಬುವುದು ಶುದ್ಧ ಜಪಾನಿ ಕಲೆ. ಇದು ಆಮೇಲೆ ಜಪಾನಿಗೆ ಹೋಗಿ ಬಂದಿರುವ ತಟ್ಟೆ."

ತನಾಕಾ ಕನ್ನಡಕ ಹಾಕಿಕೊಂಡರು. ಗೆರೆಗಳನ್ನು ನೋಡಿದರು. ಬೆರಳಿನಿಂದ ಮುಟ್ಟಿದರು. ಆಮೇಲೆ ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು.

"ಕರ್ರಿ ಮಸಾಲೆ," ಎಂದರು.

ಅಬು ಫಹದ್ ನನ್ನ ಕಡೆ ತಿರುಗಿದರು. ಹದಿನಾಲ್ಕು ವರ್ಷದ ಕೆಲಸ, ಈ ದೇಶದಲ್ಲಿರಲು ಬೇಕಾದ ಇಕಾಮಾ ಪರವಾನಗಿ, ಮಗಳ ಶಾಲೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅದಕ್ಕಿಂತ ಹೆಚ್ಚಾಗಿ, ಎರಡೂ ಕೈಯಿಂದ ಅವರು ತಟ್ಟೆ ಕೊಟ್ಟದ್ದು ನೆನಪಾಯಿತು. ಶೆಲ್ಫಿನಿಂದ ಬೆಕ್ಕಿನವರೆಗೆ ಒಂದನ್ನೂ ಬಿಡದೆ ಒಪ್ಪಿಕೊಂಡೆ. ಪುರಾವೆಗೆ ಗೀರಿದ ಕೈಯನ್ನೂ ತೋರಿಸಿದೆ.

ಅವರು ತನಾಕಾ ಕೈಯಿಂದ ತಟ್ಟೆಯನ್ನು ತೆಗೆದುಕೊಂಡು ಮುಂದಿಟ್ಟುಕೊಂಡರು. ಆಮೇಲೆ ಕೇಳಿದರು: "ಮೊದಲ ಮನೆಗೆ ಏನು ಹಾಕಿ ಕೊಟ್ಟಿರಿ?"

"ಬೇಳೆ ಹಾಕಿದ ಅನ್ನ ಸರ್."

"ಎರಡನೆಯವರು ಕೋಳಿ. ಮೂರನೆಯವರು ಬಿರಿಯಾನಿ."

"ಹೌದು ಸರ್."

"ಉಪವಾಸದ ತಿಂಗಳಲ್ಲಿ ನಮ್ಮಮ್ಮ ಈ ತಟ್ಟೆಗಳನ್ನು ಇಡೀ ಬೀದಿಗೆ ಕಳಿಸುತ್ತಿದ್ದಳು. ಹನ್ನೊಂದು ಒಡೆದದ್ದು ಹಾಗೆಯೇ," ಎಂದರು. ದನಿ ಸ್ವಲ್ಪ ಒದ್ದೆಯಾಗಿತ್ತು. ಆಮೇಲೆ ತಟ್ಟೆಯನ್ನು ಎತ್ತಿ ನನ್ನ ಮುಂದೆ ಹಿಡಿದರು. "ಹಾರಿಸ್ ಕೂಡ ಟೊಮೆಟೊ ಇಟ್ಟು ಕೊಟ್ಟ. ನನ್ನ ಮನೆಗೆ ಮಾತ್ರ ಖಾಲಿ ತಂದಿರಾ?"

ದಿವಾನಿಯಾದಲ್ಲಿ ಎಲ್ಲರೂ ನಕ್ಕರು, ತನಾಕಾ ಕೂಡ. ಎರಡು ಪುಟದ ಇತಿಹಾಸವನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ.

ಮರುದಿನ ಅವರ ಡ್ರೈವರು ತಟ್ಟೆಯ ತುಂಬಾ ಖರ್ಜೂರ ತಂದು ವಾಣಿಗೆ ಕೊಟ್ಟು ಹೋದ. ವಾಣಿ ಅದನ್ನು ತೊಳೆದು ಎರಡು ಮಧ್ಯಾಹ್ನ ಬಾಲ್ಕನಿಯ ಬಿಸಿಲಿಗಿಟ್ಟಳು, ಹಳದಿ ಮಾಯವಾಯಿತು. ಮೇಲೆ ಬಾಳೆ ಎಲೆ ಹಾಸಿ, ಕೋಡುಬಳೆ ತುಂಬಿ ವಾಪಸು ಕಳಿಸಿದಳು. ಈಗ ತಿಂಗಳಿಗೆ ಎರಡು ಸಲ ತಟ್ಟೆ ಬರುತ್ತದೆ, ಹೋಗುತ್ತದೆ. ಡ್ರೈವರಿಗೆ ಯಜಮಾನರ ಅಪ್ಪಣೆ ಒಂದೇ: ಮೇಡಂ ಕೈಗೇ ಕೊಡಬೇಕು. ನಾನು ಬಾಗಿಲು ತೆರೆದರೆ ತಟ್ಟೆಯನ್ನು ಎದೆಗವಚಿಕೊಂಡು, ಅವಳು ಬರುವವರೆಗೆ ಹೊಸ್ತಿಲಾಚೆಯೇ ನಿಲ್ಲುತ್ತಾನೆ. ನಾನು ಈಚೆ ನಿಂತಿರುತ್ತೇನೆ. ಸುಮ್ಮನೆ ನಿಲ್ಲಲಾಗದೆ ಇಬ್ಬರೂ ಪಂಪಿನ ವಿಷಯ ಮಾತಾಡುತ್ತೇವೆ.